‘ಕಾಲು ಬಿಡು’ ಅಂದಾಗ ಕ್ರಿಸ್ಟಿ ಬ್ರೌನ್ ಏನು ಮಾಡಿದರು

ಹೋದ ವರ್ಷ ಅಣ್ಣನ ಮಗನನ್ನು ಬೆಂಗಳೂರಿನ ಒಂದು ಥೆರಪಿ ಕೇಂದ್ರಕ್ಕೆ ಕರೆದುಕೊಂಡು ಹೋಗಿದ್ದೆವು. ನಮ್ಮದು ಶಿಡ್ಲಘಟ್ಟದ ಹತ್ತಿರ ಒಂದು ಹಳ್ಳಿ. ರೇಷ್ಮೆ ಹುಳು ಸಾಕುವ ಮನೆ. ಹುಡುಗನಿಗೆ ಈಗ 13 ವರ್ಷ. ಹುಟ್ಟಿದಾಗಿನಿಂದ ಸೆರೆಬ್ರಲ್ ಪಾಲ್ಸಿ. ಕೈ ಅವನ ಮಾತು ಕೇಳುವುದಿಲ್ಲ, ನಾಲಿಗೆಯೂ ಕೇಳುವುದಿಲ್ಲ. ಕೇಳುವುದು ಬಲಗಾಲಿನ ಹೆಬ್ಬೆರಳು ಒಂದೇ. ಆ ಬೆರಳಿನಿಂದ ಅವನು ಮೊಬೈಲ್‌ನಲ್ಲಿ ಕನ್ನಡ ಟೈಪ್ ಮಾಡುತ್ತಾನೆ. ಅಲ್ಲಿದ್ದವರು ಒಂದು ಗಂಟೆ ನೋಡಿ ಕೊನೆಗೆ ಅತ್ತಿಗೆಗೆ ಹೇಳಿದರು: “ಮೊದಲು ಕಾಲಲ್ಲಿ ಬರೆಯೋದು ನಿಲ್ಲಿಸಿ. ಇಲ್ಲಾಂದ್ರೆ ಕೈ ಯಾವತ್ತೂ ಬರಲ್ಲ.”

ಬಸ್ಸಿನಲ್ಲಿ ವಾಪಸ್ ಬರುವಾಗ ಅತ್ತಿಗೆ ಸುಮ್ಮನೆ ಕೂತಿದ್ದರು. ದೇವನಹಳ್ಳಿ ಕಡೆಯ ವಿಜಯಪುರ ದಾಟಿದ ಮೇಲೆ ಕೇಳಿದರು: “ಕಾಲೂ ಬಿಡಿಸಿಬಿಟ್ರೆ ಇವನ ಹತ್ರ ಇನ್ನೇನು ಉಳೀತು, ಹೇಳಪ್ಪಾ?”

ನನಗೆ ಉತ್ತರ ಗೊತ್ತಿರಲಿಲ್ಲ. ಆದರೆ ಇದೇ ಮಾತನ್ನು 70 ವರ್ಷಕ್ಕೂ ಹಿಂದೆ ಇನ್ನೊಬ್ಬ ಹುಡುಗನಿಗೆ ಹೇಳಿದ್ದರು ಅನ್ನುವುದು ಗೊತ್ತಿತ್ತು. ಅವರ ಹೆಸರು ಕ್ರಿಸ್ಟಿ ಬ್ರೌನ್. ಐರ್ಲೆಂಡಿನ ಡಬ್ಲಿನ್‌ನವರು. ಎಡಗಾಲಿನಲ್ಲಿ ಬರೆದರು, ಎಡಗಾಲಿನಲ್ಲೇ ಚಿತ್ರ ಬಿಡಿಸಿದರು. ಅವರ ಬಗ್ಗೆ ಮಾತಾಡುವವರು ‘ಎಂಥಾ ಛಲ ನೋಡಿ’ ಅಂತ ಹೇಳಿ ಮುಗಿಸಿಬಿಡುತ್ತಾರೆ. ಛಲ ಇತ್ತು, ನಿಜ. ನನಗೆ ಬೇಕಾಗಿದ್ದ ಉತ್ತರಗಳೇ ಬೇರೆ. ಕೈ ಕೇಳದ ಮೈಯಲ್ಲಿ ಕಾಲು ಹೇಗೆ ಕೇಳುತ್ತದೆ? ಡಾಕ್ಟರು ಬಿಡು ಅಂದಿದ್ದು ಯಾಕೆ? ಅವರು ಬಿಟ್ಟರಾ?

ಮೊದಲು ಸೆರೆಬ್ರಲ್ ಪಾಲ್ಸಿ ಏನು ಅಂತ ನೋಡೋಣ. ನಮ್ಮ ಕಡೆ ‘ಸಿಪಿ ಮಗು’ ಅಂತಾರೆ. ಕಾಗದಪತ್ರಗಳಲ್ಲಿ ‘ಮಿದುಳಿನ ಪಾರ್ಶ್ವವಾಯು’ ಅಂತ ಇರುತ್ತದೆ. ಇದು ಅಂಟುವ ಕಾಯಿಲೆ ಅಲ್ಲ. ಮಗು ಹೊಟ್ಟೆಯಲ್ಲಿದ್ದಾಗಲೋ, ಹೆರಿಗೆಯಲ್ಲೋ, ಹುಟ್ಟಿದ ಮೊದಲ ಒಂದೆರಡು ವರ್ಷದಲ್ಲೋ ಮಿದುಳಿಗೆ ಪೆಟ್ಟಾಗಿರುತ್ತದೆ. ತಿಂಗಳು ತುಂಬುವ ಮುಂಚೆ ಹುಟ್ಟುವುದು, ತೂಕ ತೀರಾ ಕಮ್ಮಿ ಇರುವುದು, ಹುಟ್ಟುವಾಗ ಉಸಿರು ಕಟ್ಟುವುದು, ಮಿದುಳು ಜ್ವರ, ಎಳೆಗೂಸಿನ ಕಾಮಾಲೆ ವಿಪರೀತ ಏರುವುದು, ಇವೆಲ್ಲ ಕಾರಣ ಆಗಬಹುದು. ಎಷ್ಟೋ ಸಲ ಕಾರಣ ಇದೇ ಅಂತ ಗಟ್ಟಿಯಾಗಿ ಹೇಳಲು ಆಗುವುದಿಲ್ಲ. ಆದ ಪೆಟ್ಟು ಆಮೇಲೆ ಬೆಳೆಯುವುದಿಲ್ಲ. ಬೆಳೆಯುವುದು ಮಗು. ಮೈ ಉದ್ದ ಆಗುತ್ತಾ ಹೋದ ಹಾಗೆ ಬಿಗಿಯಾದ ಸ್ನಾಯುಗಳು ಎಳೆಯುತ್ತವೆ, ಸೊಂಟ ಬೆನ್ನು ವಾಲುತ್ತವೆ. ಅದಕ್ಕೇ ವ್ಯಾಯಾಮ ಬಿಡಬಾರದು ಅನ್ನುವುದು.

ಕಾಮಾಲೆ ವಿಷಯದಲ್ಲಿ ಒಂದು ಮಾತು ಸೇರಿಸುತ್ತೇನೆ. ನಮ್ಮ ಊರುಗಳಲ್ಲಿ ಹಳದಿಯಾದ ಕೂಸನ್ನು ಎಳೆ ಬಿಸಿಲಿಗೆ ಹಿಡಿದು ಸುಮ್ಮನಾಗುವವರು ಈಗಲೂ ಇದ್ದಾರೆ. ದಯವಿಟ್ಟು ಅಷ್ಟಕ್ಕೇ ಬಿಡಬೇಡಿ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿ, ಬೇಕಾದರೆ ನೀಲಿ ಬೆಳಕಿನ ಕೆಳಗೆ ಮಲಗಿಸುತ್ತಾರೆ. 1950ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ಈ ಸರಳ ಉಪಾಯ ಲೆಕ್ಕವಿಲ್ಲದಷ್ಟು ಮಕ್ಕಳ ಮಿದುಳನ್ನು ಉಳಿಸಿದೆ.

ಸಿಪಿ ಎಲ್ಲರಲ್ಲೂ ಒಂದೇ ತರ ಇರುವುದಿಲ್ಲ. ಜಾಸ್ತಿ ಜನರಿಗೆ ಬರುವುದು ಸ್ಪಾಸ್ಟಿಕ್ ಅನ್ನುವ ಬಗೆ. ಸ್ನಾಯು ಸದಾ ಬಿಗಿ ಹಿಡಿದಿರುತ್ತದೆ. ಕ್ರಿಸ್ಟಿ ಅವರಿಗೆ ಇದ್ದದ್ದು ಅಥೆಟಾಯ್ಡ್ ಅನ್ನುವ ಬಗೆ. ನಮ್ಮ ಹುಡುಗನಿಗೂ ಅದೇ. ಇದನ್ನು ವಿವರಿಸಲು ನನಗೆ ನಮ್ಮ ಕೆರೆಯೇ ನೆನಪಾಗುತ್ತದೆ.

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕೆರೆ ಇದ್ದ ಊರಲ್ಲೆಲ್ಲ ನೀರಗಂಟಿ ಇರುತ್ತಿದ್ದ. ತೂಬು ಎತ್ತಿ ಇವತ್ತು ಯಾವ ಗದ್ದೆಗೆ ನೀರು ಅಂತ ನೋಡಿಕೊಂಡು ಒಂದು ಕಾಲುವೆ ಬಿಡುತ್ತಿದ್ದ. ಅದೇ ಹೊತ್ತಿಗೆ ಉಳಿದ ಕಾಲುವೆಗಳ ಬಾಯಿಗೆ ಮಣ್ಣು ಹಾಕುತ್ತಿದ್ದ. ಮುಚ್ಚುವ ಕೆಲಸ ಬಿಡುವ ಕೆಲಸದಷ್ಟೇ ಮುಖ್ಯ. ಮಿದುಳಿನ ಆಳದಲ್ಲೂ ಇಂಥ ಒಂದು ಜಾಗ ಇದೆ. ಬೇಸಲ್ ಗ್ಯಾಂಗ್ಲಿಯಾ ಅಂತಾರೆ. ನೀವು ಲೋಟ ಎತ್ತಬೇಕು ಅಂದುಕೊಂಡರೆ ಅದು ಆ ಒಂದು ಚಲನೆಯನ್ನು ಬಿಡುತ್ತದೆ, ಕತ್ತು, ಭುಜ, ಬಾಯಿ, ಇನ್ನೊಂದು ಕೈ ಎಲ್ಲವನ್ನೂ ತಡೆದು ಹಿಡಿಯುತ್ತದೆ. ಅಲ್ಲಿಗೆ ಪೆಟ್ಟಾದರೆ ಎಲ್ಲ ಕಾಲುವೆಗೂ ನೀರು ನುಗ್ಗುತ್ತದೆ. ಲೋಟದ ಕಡೆ ಮನಸ್ಸು ಹೋದ ತಕ್ಷಣ ಕತ್ತು ತಿರುಚುತ್ತದೆ, ಬಾಯಿ ತೆರೆಯುತ್ತದೆ, ಬೆರಳು ಹರಡಿಕೊಳ್ಳುತ್ತವೆ. ಆತುರಪಟ್ಟಷ್ಟೂ, ಯಾರಾದರೂ ದುರುಗುಟ್ಟಿ ನೋಡಿದಷ್ಟೂ ಇನ್ನೂ ಜೋರಾಗುತ್ತದೆ. ನಿದ್ದೆ ಬಂದರೆ ಎಲ್ಲವೂ ನಿಂತು ಮೈ ಹಗುರಾಗುತ್ತದೆ. ನಮ್ಮ ಹುಡುಗ ಮಲಗಿದಾಗ ನೋಡಿದರೆ ಅವನಿಗೆ ಏನೂ ಆಗಿಲ್ಲ ಅನಿಸುತ್ತದೆ.

ಎಲ್ಲ ಕಾಲುವೆಯೂ ಒಂದೇ ಸಮ ಕೆಡುವುದಿಲ್ಲ. ಎಲ್ಲೋ ಒಂದು ಕಡೆ ಬದು ಗಟ್ಟಿಯಾಗಿ ಉಳಿದಿರುತ್ತದೆ. ಕ್ರಿಸ್ಟಿ ಅವರಲ್ಲಿ ಉಳಿದದ್ದು ಎಡಗಾಲು. ಅದರಲ್ಲಿ ಪವಾಡ ಏನೂ ಇಲ್ಲ.

ಇನ್ನೊಂದು ವಿಷಯ. ಸಿಪಿ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಬುದ್ಧಿಯ ಬೆಳವಣಿಗೆಯಲ್ಲಿ ತೊಂದರೆ ಇರುವುದಿಲ್ಲ. ಮಾತು ಬರದಿರುವುದು ಬಾಯಿ, ನಾಲಿಗೆ, ಉಸಿರಿನ ಸ್ನಾಯುಗಳ ಸಮಸ್ಯೆ. ಮಾತು ತಲೆಯಲ್ಲಿ ಇರುತ್ತದೆ, ಹೊರಗೆ ಬರುವ ದಾರಿ ಕೆಟ್ಟಿರುತ್ತದೆ. ಇದು ಗೊತ್ತಿಲ್ಲದೆ ನಮ್ಮ ಹುಡುಗನಿಗೆ ಮೂರು ವರ್ಷ ಇದ್ದಾಗ ಒಬ್ಬ ಡಾಕ್ಟರು ಚೀಟಿಯಲ್ಲಿ ‘ಬುದ್ಧಿಮಾಂದ್ಯ’ ಅಂತ ಬರೆದುಕೊಟ್ಟರು. ಅಣ್ಣ ಅದನ್ನು ನಂಬಿದ. ನಾನೂ ನಂಬಿದೆ. ಇವತ್ತಿಗೂ ಅದನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ನಂಬದೇ ಇದ್ದದ್ದು ಅತ್ತಿಗೆ ಒಬ್ಬರೇ.

ಡಬ್ಲಿನ್‌ನಲ್ಲೂ ಹೀಗೇ ಆಯಿತು. ಕ್ರಿಸ್ಟಿ ಹುಟ್ಟಿದ್ದು 1932ರ ಜೂನ್ 5ರಂದು, ರೊಟುಂಡಾ ಹೆರಿಗೆ ಆಸ್ಪತ್ರೆಯಲ್ಲಿ. ಕಷ್ಟದ ಹೆರಿಗೆ. ತಾಯಿ ಮಗ ಇಬ್ಬರೂ ಹೋಗಿಬಿಡುವ ಹಾಗಿತ್ತಂತೆ. ತಂದೆ ಇಟ್ಟಿಗೆ ಕಟ್ಟುವ ಗಾರೆ ಕೆಲಸದವರು. ತಾಯಿ ಬ್ರಿಜೆಟ್ 22 ಮಕ್ಕಳನ್ನು ಹೆತ್ತವರು, ಉಳಿದದ್ದು 13. ಅಷ್ಟು ಮಕ್ಕಳ ಮನೆ, ಸಾಕಾಗದ ಸಂಬಳ. ಡಾಕ್ಟರುಗಳು ಮಗುವಿನ ಬುದ್ಧಿ ಬೆಳೆಯುವುದಿಲ್ಲ, ಆಸೆ ಬಿಡಿ ಅಂದರು. ಯಾವುದಾದರೂ ಸಂಸ್ಥೆಗೆ ಸೇರಿಸಿಬಿಡಿ ಅಂತ ಹೇಳಿದವರೂ ಇದ್ದರು. ಬ್ರಿಜೆಟ್ ಒಪ್ಪಲಿಲ್ಲ. ಬೇರೆ ಮಕ್ಕಳನ್ನು ಹೇಗೆ ಸಾಕಿದರೋ ಹಾಗೇ ಇವನನ್ನೂ ಸಾಕಿದರು. ಅವನ ಜೊತೆ ಮಾತಾಡಿದರು, ಪುಸ್ತಕದ ಚಿತ್ರ ತೋರಿಸಿದರು, ಅವನಿಗೆ ಅರ್ಥ ಆಗುತ್ತದೆ ಅಂತಲೇ ನಡೆದುಕೊಂಡರು. ಆಧಾರ ಏನೂ ಇರಲಿಲ್ಲ. ಐದು ವರ್ಷ ಆಗುವವರೆಗೂ ಆಧಾರ ಸಿಗಲೂ ಇಲ್ಲ.

ಆ ಐದನೇ ವರ್ಷದ ಒಂದು ಡಿಸೆಂಬರ್ ದಿನ. ಮನೆಯ ಇಬ್ಬರು ಮಕ್ಕಳು ನೆಲದಲ್ಲಿ ಕೂತು ಸ್ಲೇಟಿನ ಮೇಲೆ ಲೆಕ್ಕ ಮಾಡುತ್ತಿದ್ದರು. ಹಳದಿ ಸೀಮೆಸುಣ್ಣ. ಕ್ರಿಸ್ಟಿಗೆ ಏನನ್ನಿಸಿತೋ, ಎಡಗಾಲು ಚಾಚಿ ಅಕ್ಕನ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡ, ಸ್ಲೇಟಿನ ಮೇಲೆ ಗೀಚಿದ. ಮನೆಯವರೆಲ್ಲ ಸುಮ್ಮನಾದರು. ತಾಯಿ ಬಂದು ನೆಲದ ಮೇಲೆ ‘ಎ’ ಅಕ್ಷರ ಬರೆದರು, ‘ಇದನ್ನು ಬರಿ’ ಅಂದರು. ಆಗಲಿಲ್ಲ. ಮತ್ತೆ ಬರಿ ಅಂದರು. ಒಂದು ಗೆರೆ ಬಂತು, ಎರಡನೆಯದು ಅರ್ಧ ಬಂತು, ಸೀಮೆಸುಣ್ಣ ಮುರಿಯಿತು. ಅವನಿಗೆ ಅದನ್ನು ಎಸೆದುಬಿಡುವಷ್ಟು ಸಾಕಾಗಿತ್ತು. ತಾಯಿ ಭುಜದ ಮೇಲೆ ಕೈ ಇಟ್ಟರು. ಮತ್ತೆ ಬರೆದ. ಸೊಟ್ಟಪಟ್ಟ, ನಡುವಿನ ಗೆರೆ ಓರೆ. ಆದರೆ ಅದು ‘ಎ’.

ಅವರ ಬದುಕಿನ ಬಗ್ಗೆ 1989ರಲ್ಲಿ ಬಂದ ‘ಮೈ ಲೆಫ್ಟ್ ಫುಟ್’ ಸಿನಿಮಾದಲ್ಲಿ ಆ ಹುಡುಗ ನೆಲದ ಮೇಲೆ ‘ಮದರ್’ ಅನ್ನುವ ಇಡೀ ಪದ ಬರೆಯುತ್ತಾನೆ. ನೋಡುವವರಿಗೆ ಕಣ್ಣಲ್ಲಿ ನೀರು ಬರುತ್ತದೆ. ಆ ಸಿನಿಮಾಕ್ಕೆ ಎರಡು ಆಸ್ಕರ್ ಬಂತು, ಕ್ರಿಸ್ಟಿ ಆಗಿ ನಟಿಸಿದ ಡೇನಿಯಲ್ ಡೇ ಲೂಯಿಸ್ ಅವರಿಗೊಂದು, ತಾಯಿಯಾದ ಬ್ರೆಂಡಾ ಫ್ರಿಕರ್ ಅವರಿಗೊಂದು. ಒಳ್ಳೆಯ ಸಿನಿಮಾ. ಆದರೂ ನನಗೆ ಕ್ರಿಸ್ಟಿ ಅವರೇ ಬರೆದ ಪುಸ್ತಕದ ಒಂದೇ ಒಂದು ಸೊಟ್ಟ ಅಕ್ಷರವೇ ಹೆಚ್ಚು ನಿಜ. ಮನೆಯಲ್ಲಿ ಇಂಥ ಮಗು ಇರುವವರಿಗೆ ಗೊತ್ತು, ಇಡೀ ಪದ ಒಂದೇ ದಿನ ಬರುವುದಿಲ್ಲ.

ಇನ್ನೊಂದು ಗಮನಿಸಿ. ಇಂಗ್ಲಿಷಿನ ‘ಎ’ ಮೂರು ನೇರ ಗೆರೆ. ನಮ್ಮ ‘ಅ’ ಬರೆಯಲು ಎಷ್ಟು ಸುತ್ತಬೇಕು ನೋಡಿ. ಕಾಲಿಗೆ ಅದು ಬಹಳ ಕಷ್ಟ. ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯಲ್ಲಿ ಅಕ್ಷರ ಕಲಿಸುವುದು ‘ರ ಗ ಸ ದ ಅ’ ಅಂತ. ಮನೆಗೆ ಬರುತ್ತಿದ್ದ ಮೇಡಂ ಅದೇ ಕ್ರಮದಲ್ಲಿ ಕಲಿಸಿದರು. ನಮ್ಮ ಹುಡುಗ ಮೊದಲು ಬರೆದದ್ದು ‘ಗ’. ಕಾಲನ್ನು ಒಂದು ಸಲ ಮೇಲಕ್ಕೆ ಎತ್ತಿ ಕೆಳಗೆ ಇಳಿಸಿದರೆ ‘ಗ’ ಆಗುತ್ತದೆ. ತಲೆಕಟ್ಟು ಆಮೇಲೆ ಬಂತು. ಹುಳು ಮನೆಯ ಸಿಮೆಂಟ್ ನೆಲದ ಮೇಲೆ ಬರೆದಿದ್ದ. ಅತ್ತಿಗೆ ಮೂರು ದಿನ ಆ ಜಾಗ ಗುಡಿಸಲಿಲ್ಲ.

ಕ್ರಿಸ್ಟಿ ಶಾಲೆಗೆ ಹೋದವರಲ್ಲ. ಅವರ ಶಾಲೆ ತಾಯಿ, ಆಮೇಲೆ ಬೀದಿ. ಅಣ್ಣತಮ್ಮಂದಿರು ಒಂದು ಹಳೇ ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಊರೆಲ್ಲ ಸುತ್ತಿಸುತ್ತಿದ್ದರು. ಆ ಗಾಡಿಗೆ ಹೆನ್ರಿ ಅಂತ ಹೆಸರು. ಅದು ಮುರಿದ ದಿನ ಅವರ ಬಾಲ್ಯವೂ ಮುಗಿದ ಹಾಗಾಯಿತು. ಉಳಿದವರು ಓಡಿ ಆಡುತ್ತಾರೆ, ತಾನು ಕೂತಿರಬೇಕು ಅನ್ನುವುದು ಅವತ್ತು ಅವರಿಗೆ ಸರಿಯಾಗಿ ತಟ್ಟಿತು. ಒಂದು ಗಾಡಿ ಇರುವುದು ಇಲ್ಲದಿರುವುದು ಎಷ್ಟು ದೊಡ್ಡ ವಿಷಯ ಅಂತ ಗಾಲಿಕುರ್ಚಿಯ ಅರ್ಜಿ ಹಿಡಿದು ಕಾದವರಿಗೆ ಹೇಳಬೇಕಾಗಿಲ್ಲ.

ಚಿತ್ರಕಲೆ ಬಂದದ್ದು ಆ ಖಾಲಿತನದಲ್ಲಿ. ಹತ್ತು ವರ್ಷ ಇದ್ದಾಗ ಒಂದು ಕ್ರಿಸ್‌ಮಸ್‌ಗೆ ಅವರಿಗೆ ಆಟಿಕೆ ಸೈನಿಕರು ಸಿಕ್ಕಿದ್ದವು, ಮನೆಯ ಇನ್ನೊಬ್ಬ ಹುಡುಗನಿಗೆ ಬಣ್ಣದ ಪೆಟ್ಟಿಗೆ. ಇಬ್ಬರೂ ಅದಲು ಬದಲು ಮಾಡಿಕೊಂಡರು. ನೆಲದಲ್ಲಿ ಕಾಗದ ಹರಡಿ, ಕಾಲ್ಬೆರಳಲ್ಲಿ ಬ್ರಷ್ ಸಿಕ್ಕಿಸಿಕೊಂಡು ಬಿಡಿಸತೊಡಗಿದರು. ಪತ್ರಿಕೆಯೊಂದರ ಮಕ್ಕಳ ಸ್ಪರ್ಧೆಯಲ್ಲಿ ಬಹುಮಾನವೂ ಬಂತು. ಕ್ಯಾಟ್ರಿಯೋನಾ ಡೆಲಹಂಟ್ ಅನ್ನುವ ಯುವತಿ ಬಣ್ಣ, ಕಾಗದ ತಂದುಕೊಟ್ಟು ಬೆನ್ನು ತಟ್ಟಿದರು. ಮುಂದೆಯೂ ಬಿಡಿಸಿದರು, ಬಾಯಿ ಮತ್ತು ಕಾಲಿನಿಂದ ಚಿತ್ರ ಬಿಡಿಸುವ ಕಲಾವಿದರ ಸಂಘಕ್ಕೂ ಸೇರಿದರು. ಆದರೆ ನನ್ನ ಅಭಿಪ್ರಾಯದಲ್ಲಿ ಬಣ್ಣ ಅವರಿಗೆ ಬರವಣಿಗೆಯವರೆಗೆ ತಂದುಬಿಟ್ಟ ದಾರಿ.

ಈಗ ಆ ‘ಕಾಲು ಬಿಡು’ ವಿಷಯಕ್ಕೆ ಬರೋಣ.

ಹರೆಯಕ್ಕೆ ಬಂದ ಮೇಲೆ ಅವರ ಜೀವನದಲ್ಲಿ ಡಾ. ರಾಬರ್ಟ್ ಕಾಲಿಸ್ ಬಂದರು. ಮಕ್ಕಳ ಡಾಕ್ಟರು, ಜೊತೆಗೆ ನಾಟಕಕಾರರು. ಸಿಪಿಗೆ ಹೊಸ ಚಿಕಿತ್ಸೆ ಕೊಡಿಸುತ್ತೇನೆ ಅಂದರು. ಲಂಡನ್ನಿನಲ್ಲಿ ಐರೀನ್ ಕಾಲಿಸ್ ಅನ್ನುವ ತಜ್ಞೆ ಪರೀಕ್ಷೆ ಮಾಡಿದರು. ಸುಧಾರಿಸಬಹುದು, ಆದರೆ ಒಂದು ಷರತ್ತು ಅಂದರು. ಎಡಗಾಲನ್ನು ಇನ್ನು ಬಳಸಬಾರದು. ಅವರ ಲೆಕ್ಕ ಹೀಗಿತ್ತು: ಕಾಲಲ್ಲಿ ಬರೆಯುವಾಗ ಆ ಒಂದು ಅಂಗದ ಶ್ರಮಕ್ಕೆ ಇಡೀ ಮೈ ಬಿಗಿದುಕೊಳ್ಳುತ್ತದೆ. ಉಳಿದ ಅಂಗಗಳು ಸಡಿಲಾಗಿ ಕಲಿಯಬೇಕಾದರೆ ಕಾಲಿಗೆ ಬೀಗ ಹಾಕಬೇಕು.

ಈ ಲೆಕ್ಕ ಪೂರ್ತಿ ಸುಳ್ಳಲ್ಲ. ನಮ್ಮ ಹುಡುಗ ಟೈಪ್ ಮಾಡುವಾಗ ಅವನ ಎಡಗೈ ಎದೆಗೆ ಬಂದು ಅಂಟಿಕೊಳ್ಳುವುದನ್ನು ನಾನೇ ನೋಡಿದ್ದೇನೆ. ಕ್ರಿಸ್ಟಿ ಒಪ್ಪಿದರು. ಒಪ್ಪಿದ್ದು ಎಷ್ಟು ಕಷ್ಟಪಟ್ಟು ಅಂತ ಪುಸ್ತಕದಲ್ಲಿ ಬರೆದಿದ್ದಾರೆ. ಆ ಕಾಲು ಅವರ ಪೆನ್ನು, ಬ್ರಷ್ಷು, ಮಾತು. ಚಿತ್ರ ನಿಂತಿತು. ವ್ಯಾಯಾಮ ಶುರುವಾಯಿತು. ಹಿತ್ತಲಲ್ಲಿ ಅವರಿಗೊಂದು ಕೋಣೆ ಬೇಕಾಯಿತು. ಗಂಡ, ಮಕ್ಕಳು ಗಾರೆ ಕೆಲಸದವರಾಗಿದ್ದರೂ ಇವತ್ತು ನಾಳೆ ಅನ್ನುತ್ತಿದ್ದಾಗ ಬ್ರಿಜೆಟ್ ತಾವೇ ಇಟ್ಟಿಗೆ ಇಡಲು ಶುರು ಮಾಡಿದರು. ಅವರ ಗೋಡೆ ನೋಡಿ ನಾಚಿಕೆಯಾಗಿ ಗಂಡಸರು ಬಂದು ಕಟ್ಟಿ ಮುಗಿಸಿದರು. ಕ್ರಿಸ್ಟಿ ಅವರ ಬದುಕಿನಲ್ಲಿ ನನಗೆ ತುಂಬಾ ಇಷ್ಟವಾದ ಘಟನೆ ಇದು.

ಆ ಕೋಣೆಯಲ್ಲೇ ಅವರು ತಮ್ಮ ಕಥೆ ಬರೆಯಲು ಕೂತರು. ಕಾಲು ಬಳಸುವ ಹಾಗಿಲ್ಲ. ಹಾಗಾಗಿ ಅವರು ಹೇಳುವುದು, ಅವರ ತಮ್ಮನೊಬ್ಬ ಬರೆದುಕೊಳ್ಳುವುದು. ಅವರ ಮಾತು ಮನೆಯವರಿಗಷ್ಟೇ ಅರ್ಥ ಆಗುತ್ತಿತ್ತು. ಮೊದಲ ಪ್ರತಿ ಚೆನ್ನಾಗಿ ಬರಲಿಲ್ಲ. ಡಿಕನ್ಸ್ ಓದಿ ಬೆಳೆದವರು, ಹಳೇ ಕಾಲದ ಉದ್ದುದ್ದ ವಾಕ್ಯ, ಭಾರದ ಪದ. ಡಾ. ರಾಬರ್ಟ್ ಕಾಲಿಸ್ ಓದಿ ಮುಲಾಜಿಲ್ಲದೆ ಹೇಳಿದರು. ಈ ಕಾಲದ ಪುಸ್ತಕ ಓದಿಸಿದರು, ತಿದ್ದಿಸಿದರು, ಮತ್ತೆ ಬರೆಸಿದರು. ‘ಪಾಪ, ಇಷ್ಟಾದರೂ ಬರೆದನಲ್ಲ’ ಅನ್ನಲಿಲ್ಲ. ಬರಹಗಾರನೊಬ್ಬನಿಗೆ ಕೊಡಬಹುದಾದ ದೊಡ್ಡ ಮರ್ಯಾದೆ ಅದು. ಕಾಲು ಬಿಡಿಸಿದ ಗುಂಪಿನವರೇ ಬರೆಯಲು ಕಲಿಸಿದವರೂ ಹೌದು. ಆದ್ದರಿಂದ ಆ ಡಾಕ್ಟರನ್ನು ನಾನು ಬೈಯಲಾರೆ.

ಆದರೆ ಒಂದು ದಿನ ಕ್ರಿಸ್ಟಿಗೆ ತಡೆಯಲಾಗಲಿಲ್ಲ. ಒಳಗಿನ ಮಾತು ಇನ್ನೊಬ್ಬರ ಕೈಯಿಂದ ಹೊರಗೆ ಬರಲು ಒಪ್ಪಲಿಲ್ಲ. ತಮ್ಮನನ್ನು ಹೊರಗೆ ಕಳಿಸಿ, ಕಾಲುಚೀಲ ಕಿತ್ತು, ಎಡಗಾಲಿನ ಬೆರಳುಗಳ ನಡುವೆ ಪೆನ್ಸಿಲ್ ಹಿಡಿದು ನಿಲ್ಲಿಸದೆ ಬರೆದರು. ನನ್ನ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಅವರು ವ್ಯಾಯಾಮವನ್ನೂ ಮಾಡಿದರು, ಕಾಲನ್ನೂ ಬಿಡಲಿಲ್ಲ.

ಆ ಪುಸ್ತಕ ‘ಮೈ ಲೆಫ್ಟ್ ಫುಟ್’, ನನ್ನ ಎಡಗಾಲು ಅಂತ. 1954ರಲ್ಲಿ ಬಂತು, ಅವರಿಗಾಗ 22 ವರ್ಷ. ಎರಡನೇ ದೊಡ್ಡ ಪುಸ್ತಕ ಬಂದದ್ದು 16 ವರ್ಷದ ನಂತರ, 1970ರಲ್ಲಿ. ‘ಡೌನ್ ಆಲ್ ದ ಡೇಸ್’ ಅನ್ನುವ ಕಾದಂಬರಿ. ಅದೇ ಮನೆ, ಅದೇ ಬೀದಿ, ಆದರೆ ಕಣ್ಣು ಬೇರೆ. ಅಲ್ಲಿ ಗಾಡಿಯಲ್ಲಿ ಕೂತ ಹುಡುಗನಿಗೆ ಹೆಸರೂ ಇಲ್ಲ. ಅವನು ನೋಡುತ್ತಾನೆ. ಅಪ್ಪನ ಕುಡಿತ, ಹೊಡೆತ, ಅಮ್ಮನ ಬಸಿರು, ನೆರೆಯವರ ಜಗಳ, ಹುಡುಗರ ಪೋಲಿತನ. ಮೊದಲನೆಯದರಲ್ಲಿ ಮುಚ್ಚಿಟ್ಟದ್ದೆಲ್ಲ ಇಲ್ಲಿ ಹೊರಗೆ ಬಂದಿದೆ. ಓದಲು ಸುಲಭ ಅಲ್ಲ, ಆದರೂ ಇದೇ ಅವರ ದೊಡ್ಡ ಪುಸ್ತಕ ಅಂತ ನಾನು ನಂಬಿದ್ದೇನೆ. ಮೂಲೆಯಲ್ಲಿ ಕೂತ ಮಗುವಿನ ಎದುರು ಯಾರೂ ಗುಟ್ಟು ಮಾಡುವುದಿಲ್ಲ. ನಮ್ಮ ಹುಡುಗ ಹುಳು ಮನೆಯ ಮೂಲೆಯಲ್ಲಿ ಮಲಗಿದ್ದಾಗ ಗೂಡಿನ ರೇಟು, ಸಾಲ, ಅಣ್ಣ ಅತ್ತಿಗೆ ಜಗಳ ಎಲ್ಲವನ್ನೂ ನಾವು ಅಲ್ಲೇ ಮಾತಾಡಿದ್ದೇವೆ. ಅವನು ಟೈಪ್ ಮಾಡಲು ಕಲಿತ ಮೇಲೆ ಗೊತ್ತಾಯಿತು, ಒಂದೂ ಮರೆತಿಲ್ಲ.

ಆಮೇಲೆ ಕವನ ಸಂಕಲನಗಳು, ಇನ್ನೂ ಕೆಲವು ಕಾದಂಬರಿಗಳು ಬಂದವು. ಅವುಗಳಲ್ಲಿ ಅಷ್ಟು ಬಿಸಿ ಇಲ್ಲ. 1972ರಲ್ಲಿ ಮೇರಿ ಕಾರ್ ಅವರನ್ನು ಮದುವೆಯಾದರು. 1981ರ ಸೆಪ್ಟೆಂಬರ್ 7ರಂದು ಇಂಗ್ಲೆಂಡಿನಲ್ಲಿ, ಊಟ ಮಾಡುವಾಗ ಗಂಟಲಿಗೆ ಸಿಕ್ಕಿಕೊಂಡು ತೀರಿಕೊಂಡರು. 49 ವರ್ಷ. ಈ ಸಾಲನ್ನು ನಾನು ಬೇಕಂತಲೇ ಬರೆಯುತ್ತಿದ್ದೇನೆ. ಸಿಪಿ ಇರುವವರಿಗೆ ನುಂಗುವುದೂ ಸ್ನಾಯುವಿನ ಕೆಲಸವೇ, ಅದೂ ಕೆಟ್ಟಿರಬಹುದು. ಮಲಗಿಸಿ ಊಟ ಮಾಡಿಸಬೇಡಿ. ನೇರ ಕೂರಿಸಿ, ಗದ್ದ ಸ್ವಲ್ಪ ಕೆಳಗಿರಲಿ, ಸಣ್ಣ ತುತ್ತು ಕೊಡಿ, ಒಂದು ಇಳಿದ ಮೇಲೆ ಇನ್ನೊಂದು. ಪದೇಪದೇ ಕೆಮ್ಮು ಬಂದರೆ ಸ್ಪೀಚ್ ಥೆರಪಿಸ್ಟ್‌ಗೆ ತೋರಿಸಿ. ನುಂಗುವುದನ್ನು ನೋಡುವವರೂ ಅವರೇ ಅನ್ನುವುದು ಬಹಳ ಜನರಿಗೆ ಗೊತ್ತಿಲ್ಲ.

ಕ್ರಿಸ್ಟಿಗೆ ಸಿಗದೇ ಇದ್ದದ್ದು ನಮ್ಮ ಮಕ್ಕಳಿಗೆ ಕಾನೂನಿನಲ್ಲಿ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವಿಕಲತೆಯನ್ನು ಪಟ್ಟಿ ಮಾಡಿದೆ, ಸಿಪಿ ಅದರಲ್ಲಿದೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಇದೆ. ಪರೀಕ್ಷೆಯಲ್ಲಿ ಬರೆದುಕೊಡಲು ಇನ್ನೊಬ್ಬರನ್ನು ಕೇಳಬಹುದು, ಹೆಚ್ಚು ಸಮಯ ಕೇಳಬಹುದು. ‘ನಿರಾಮಯ’ ಅನ್ನುವ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಇದೆ, ಥೆರಪಿಯ ಖರ್ಚೂ ಅದರಲ್ಲಿ ಬರುತ್ತದೆ. ಎಲ್ಲಕ್ಕೂ ಮೊದಲು ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಬೇಕು. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯು (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಯಾರು ಅಂತ ಕೇಳಿ, ಅವರೂ ಅಂಗವಿಕಲರೇ ಆಗಿರುತ್ತಾರೆ, ದಾರಿ ಗೊತ್ತಿರುತ್ತದೆ. ಶಾಲೆಗೆ ಹೋಗಲು ಆಗದ ಮಗುವಿಗೆ ಮನೆಗೇ ಬಂದು ಕಲಿಸುವ ವ್ಯವಸ್ಥೆ ಇದೆ.

ಬರೆಯುವ ಸಾಧನ ಈಗ ಜೇಬಲ್ಲೇ ಇದೆ. ಮೊಬೈಲ್‌ನ ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ‘ಒತ್ತಿ ಹಿಡಿಯುವ ಸಮಯ’ ಜಾಸ್ತಿ ಮಾಡಬಹುದು. ಕಾಲು ಸ್ವಲ್ಪ ಹೊತ್ತು ಒಂದೇ ಕಡೆ ಊರಿಕೊಂಡರೂ ಬೇರೇನೋ ತೆರೆದುಕೊಳ್ಳುವುದು ತಪ್ಪುತ್ತದೆ. ಕಂಪ್ಯೂಟರಿನಲ್ಲಿ ಸ್ಟಿಕ್ಕಿ ಕೀಸ್ ಅಂತ ಇದೆ, ಎರಡು ಕೀಲಿ ಒಟ್ಟಿಗೆ ಒತ್ತುವ ಬದಲು ಒಂದಾದ ಮೇಲೊಂದು ಒತ್ತಬಹುದು. ಒಂದೇ ಬೆರಳಿನವರಿಗೆ ಇದು ವರ. ಕೀಬೋರ್ಡಿನ ಮೇಲೆ ತೂತುಗಳಿರುವ ಹಲಗೆ ಕೂರಿಸಿದರೆ ಪಾದ ಊರಿಕೊಂಡು ಬೆರಳು ಮಾತ್ರ ತೂರಿಸಬಹುದು. ಕನ್ನಡದಲ್ಲಿ ಕಷ್ಟ ಇರುವುದು ಒತ್ತಕ್ಷರದಲ್ಲಿ. ‘ಶಿಡ್ಲಘಟ್ಟ’ ಅಂತ ಬರೆಯಲು ಒಂಬತ್ತು ಸಲ ಒತ್ತಬೇಕು. ನಾನು ಎಣಿಸಿದ್ದೇನೆ. ನಮ್ಮ ಹುಡುಗನಿಗೆ ಒಂದು ನಿಮಿಷಕ್ಕೂ ಹೆಚ್ಚು ಹಿಡಿಯುತ್ತದೆ.

ಬೆಂಗಳೂರಿನಿಂದ ಬಂದ ರಾತ್ರಿ ನಾವು ಅವನನ್ನೇ ಕೇಳಿದೆವು. ಮೊದಲೇ ಕೇಳಬೇಕಿತ್ತು. ಬಹಳ ಹೊತ್ತು ಟೈಪ್ ಮಾಡಿ ತೋರಿಸಿದ: “ಕೈ ಕಲೀತೀನಿ. ಕಾಲು ಬಿಡಲ್ಲ.” ಆಮೇಲೆ ಜಿಲ್ಲಾ ಆಸ್ಪತ್ರೆಯಲ್ಲಿ ಸಿಕ್ಕ ಇನ್ನೊಬ್ಬ ಥೆರಪಿಸ್ಟ್ ಇದನ್ನು ಕೇಳಿ, ಅವನು ಮಾಡಬೇಕು ಅಂದುಕೊಂಡ ಕೆಲಸ ಇಟ್ಟುಕೊಂಡೇ ವ್ಯಾಯಾಮ ಮಾಡಿಸೋಣ ಅಂದರು. ಈಗಿನ ಪದ್ಧತಿಯೂ ಹೆಚ್ಚಾಗಿ ಅದೇ. ಬೆಳಿಗ್ಗೆ ಅರ್ಧ ಗಂಟೆ ಎಡಗೈಯಲ್ಲಿ ಹಿಪ್ಪುನೇರಳೆ ಸೊಪ್ಪು ಹಿಡಿದು ಬಿಡುವ ಅಭ್ಯಾಸ. ನಡುವೆ ವಿಶ್ರಾಂತಿ. ಮಧ್ಯಾಹ್ನ ಊಟ ಆದ ಮೇಲೆ ಮೊಬೈಲು ನೆಲಕ್ಕೆ ಇಳಿಯುತ್ತದೆ, ಕಾಲು ಕೆಲಸಕ್ಕೆ ಇಳಿಯುತ್ತದೆ.

ಈಗ ಅವನು ಬರೆಯುತ್ತಿರುವುದು ನಮ್ಮ ಹುಳು ಮನೆಯ ಬಗ್ಗೆ. ಮೊಟ್ಟೆ ತಂದ ದಿನದಿಂದ ಶುರು ಮಾಡಿದ್ದಾನೆ. ಹುಳು ಪೊರೆ ಬಿಡಲು ಮೇವು ನಿಲ್ಲಿಸಿ ಮಲಗುವುದಕ್ಕೆ ನಾವು ಜ್ವರ ಅಂತೀವಿ. ನಿನ್ನೆಗೆ ಮೂರನೇ ಜ್ವರ ಮುಗಿಯಿತು, ಹುಳು ಎದ್ದು ಸೊಪ್ಪು ತಿನ್ನುತ್ತಿವೆ. ಗೂಡು ಕಟ್ಟಲು ಹುಳುಗಳನ್ನು ಚಂದ್ರಿಕೆಯ ತಟ್ಟಿಗೆ ಬಿಡುವವರೆಗೆ ಯಾರಿಗೂ ತೋರಿಸುವುದಿಲ್ಲವಂತೆ.